‘ಕೈಂಡ್ ಆಫ್ ಬ್ಲೂ’ ಇಷ್ಟವಾಯ್ತು, ಮುಂದೆ ಯಾವ ಜಾಝ್ ಕೇಳೋದು?

ಹೋದ ತಿಂಗಳು ಒಂದು ರಾತ್ರಿ ಗೆಳೆಯನೊಬ್ಬ ಫೋನ್ ಮಾಡಿದ. "ಮೈಲ್ಸ್ ಡೇವಿಸ್‌ದು ‘ಕೈಂಡ್ ಆಫ್ ಬ್ಲೂ’ ಅಂತ ಇದೆಯಲ್ಲ ಮಾರಾಯ, ಈ ವಾರ ನಾಲ್ಕನೇ ಸಲ ಕೇಳ್ತಾ ಇದ್ದೀನಿ. ಇಂಥದ್ದೇ ಇನ್ನೊಂದು ಹೇಳು" ಅಂದ. ಅವನು ಅದಕ್ಕೂ ಮುಂಚೆ ಜಾಝ್ ಕೇಳಿದವನೇ ಅಲ್ಲ. ಆಫೀಸ್ ಬಸ್ಸಿನಲ್ಲಿ ಕೂತಿದ್ದಾಗ ಫೋನಿನ ಆ್ಯಪ್ ತಾನಾಗೇ ಹಾಕಿತಂತೆ, ಹಿಡಿದುಬಿಟ್ಟಿದೆ. ಮಾರನೇ ದಿನದಿಂದ ಅದೇ ಆ್ಯಪ್ ‘ಓದುವಾಗ ಜಾಝ್’, ‘ಮಳೆ ಹೊತ್ತಿಗೆ ಜಾಝ್’ ಅಂತ ಪಟ್ಟಿಗಳನ್ನು ಮುಂದಿಡತೊಡಗಿತು. ಒಂದೆರಡು ಕೇಳಿದ. "ಹಿತವಾಗಿದೆ, ಆದ್ರೆ ಅದು ಇದಲ್ಲ" ಅಂದ.

ಈ ಗೊಂದಲ ಬಹಳ ಜನರಿಗೆ ಆಗುತ್ತದೆ. ಜಾಝ್‌ನ ಮೊದಲ ರೆಕಾರ್ಡ್ ಬಂದಿದ್ದು 1917ರಲ್ಲಿ. ಅಲ್ಲಿಂದ ಇಲ್ಲಿಗೆ ನೂರು ವರ್ಷ ದಾಟಿದೆ. ಕುಣಿಯೋದಕ್ಕೆ ನುಡಿಸಿದ ಬ್ಯಾಂಡ್ ಸಂಗೀತಕ್ಕೂ ಅದೇ ಹೆಸರು, ಕಣ್ಣು ಮುಚ್ಚಿ ಕೇಳುವ ಪಿಯಾನೋಗೂ ಅದೇ ಹೆಸರು, ಮೊದಲ ಸಲ ಕೇಳಿದವರಿಗೆ ಬರೀ ಗಲಾಟೆ ಅನ್ನಿಸುವಂಥದ್ದಕ್ಕೂ ಅದೇ ಹೆಸರು. ಹಾಗಾಗಿ ‘ಜಾಝ್’ ಅಂತ ಹುಡುಕಿದರೆ ಸಿಗೋದು ಒಂದು ಊರಲ್ಲ, ಇಡೀ ದೇಶ. ಅದರಲ್ಲಿ ದಾರಿ ಹುಡುಕೋಕೆ ಒಂದು ಸುಲಭ ಉಪಾಯ ಇದೆ. ನಿಮಗೆ ಇಷ್ಟವಾದ ರೆಕಾರ್ಡ್‌ನಲ್ಲಿ ಯಾರ್ಯಾರು ನುಡಿಸಿದ್ದಾರೆ ಅಂತ ನೋಡಿ, ಒಬ್ಬೊಬ್ಬರ ಹೆಸರು ಹಿಡಿದು ಮುಂದೆ ಹೋಗೋದು. ಇದು ಜಾಝ್‌ನಲ್ಲಿ ಯಾಕೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನೋದು ತಿಳಿಯಬೇಕಾದರೆ, ಮೊದಲು ಆ ರೆಕಾರ್ಡ್ ಒಳಗೆ ಏನು ನಡೆಯುತ್ತಿದೆ ಅಂತ ನೋಡಬೇಕು.

ಎರಡು ದಿನ, ಏಳು ಜನ

‘ಕೈಂಡ್ ಆಫ್ ಬ್ಲೂ’ ರೆಕಾರ್ಡ್ ಆಗಿದ್ದು 1959ರಲ್ಲಿ, ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನ. ಜಾಗ ನ್ಯೂಯಾರ್ಕ್‌ನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಕಂಪನಿಯ ಸ್ಟುಡಿಯೋ. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ, ಎತ್ತರದ ಚಾವಣಿ. ಆ ರೆಕಾರ್ಡ್‌ನಲ್ಲಿ ಪ್ರತಿ ವಾದ್ಯದ ಸುತ್ತ ಒಂದಿಷ್ಟು ಗಾಳಿ ಇದ್ದಂತೆ ಕೇಳುತ್ತದಲ್ಲ, ಅದರಲ್ಲಿ ಆ ಕಟ್ಟಡದ ಪಾಲೂ ಇದೆ.

ನುಡಿಸಿದವರು ಏಳು ಜನ. ಟ್ರಂಪೆಟ್‌ನಲ್ಲಿ ಮೈಲ್ಸ್ ಡೇವಿಸ್. ಟೆನರ್ ಸ್ಯಾಕ್ಸೋಫೋನ್‌ನಲ್ಲಿ ಜಾನ್ ಕೋಲ್ಟ್ರೇನ್. ಅದಕ್ಕಿಂತ ಸ್ವಲ್ಪ ಚಿಕ್ಕದಾದ, ಮೇಲಿನ ಸ್ವರದ ಆಲ್ಟೋ ಸ್ಯಾಕ್ಸೋಫೋನ್‌ನಲ್ಲಿ ಕ್ಯಾನನ್‌ಬಾಲ್ ಆ್ಯಡರ್ಲಿ. ಪಿಯಾನೋದಲ್ಲಿ ಬಿಲ್ ಎವನ್ಸ್, ಒಂದು ಹಾಡಿಗೆ ಮಾತ್ರ ವಿಂಟನ್ ಕೆಲ್ಲಿ. ಆಳೆತ್ತರದ ಡಬಲ್ ಬಾಸ್‌ನಲ್ಲಿ ಪಾಲ್ ಚೇಂಬರ್ಸ್. ಡ್ರಮ್ಸ್‌ನಲ್ಲಿ ಜಿಮ್ಮಿ ಕಾಬ್. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಇವರೇ ಮತ್ತೆ ಮತ್ತೆ ಸಿಗುತ್ತಾರೆ.

ಒಟ್ಟು ಐದು ಹಾಡು, ಸುಮಾರು 45 ನಿಮಿಷ. ‘ಹಾಡು’ ಅಂದರೂ ಹಾಡುವವರು ಯಾರೂ ಇಲ್ಲ.

ಒಂದು ಜಾಝ್ ಹಾಡು ನಡೆಯೋದು ಹೀಗೆ

ಮೊದಲ ಹಾಡು ‘ಸೋ ವಾಟ್’ ಹಾಕಿ. ಪಿಯಾನೋ ಮತ್ತು ಬಾಸ್ ಮೆಲ್ಲಗೆ, ತಾಳವಿಲ್ಲದೆ ಶುರುಮಾಡುತ್ತವೆ. ಅರ್ಧ ನಿಮಿಷ ಆದಮೇಲೆ ಬಾಸ್ ಒಂದು ಪ್ರಶ್ನೆ ಕೇಳುತ್ತದೆ. ಪಿಯಾನೋ ಎರಡೇ ಹೊಡೆತದಲ್ಲಿ ಉತ್ತರ ಕೊಡುತ್ತದೆ. ಆಮೇಲೆ ಆ ಎರಡು ಹೊಡೆತಕ್ಕೆ ಟ್ರಂಪೆಟ್, ಸ್ಯಾಕ್ಸ್‌ಗಳೂ ಸೇರುತ್ತವೆ. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ದನಿ ಕೂಡಿಸುವ ಹಾಗೆ.

ಈ ಪ್ರಶ್ನೆ-ಉತ್ತರದ ಭಾಗಕ್ಕೆ ‘ಹೆಡ್’ ಅನ್ನುತ್ತಾರೆ. ಮೊದಲೇ ಗೊತ್ತುಮಾಡಿಕೊಂಡ ರಾಗಸಾಲು ಅದು, ನಮ್ಮ ಪಲ್ಲವಿ ಇದ್ದಂತೆ. ಹೆಡ್ ಮುಗಿದ ತಕ್ಷಣ ಡ್ರಮ್ಸ್‌ನ ಕಂಚಿನ ತಟ್ಟೆಗೆ ಜಿಮ್ಮಿ ಕಾಬ್ ಒಂದು ಜೋರು ಏಟು ಕೊಡುತ್ತಾರೆ. ಅದು ‘ಝಂ’ ಅಂತ ಹರಡಿಕೊಂಡು ನಿಧಾನಕ್ಕೆ ಕರಗುತ್ತಾ ಹೋಗುವಾಗಲೇ ಮೈಲ್ಸ್ ಟ್ರಂಪೆಟ್ ಎತ್ತಿಕೊಳ್ಳುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಆ ಒಂದು ಕ್ಷಣ ಕೇಳಿ. ಇಡೀ ರೆಕಾರ್ಡ್‌ನಲ್ಲಿ ನನಗೆ ಅದಕ್ಕಿಂತ ಪ್ರಿಯವಾದ ಜಾಗ ಇನ್ನೊಂದಿಲ್ಲ.

ಅಲ್ಲಿಂದ ‘ಸೋಲೋ’ ಶುರು. ಸೋಲೋ ಅಂದರೆ ಒಬ್ಬರು ಆ ಹೊತ್ತಿಗೆ ಹೊಳೆದದ್ದನ್ನು ನುಡಿಸೋದು, ನಮ್ಮ ಕಲ್ಪನಾಸ್ವರದ ಹಾಗೆ. ಕಲ್ಪನಾಸ್ವರ ಹಾಡುವವರು ತಾಳದ ಆವರ್ತ ತಪ್ಪದ ಹಾಗೆ, ಜಾಝ್‌ನಲ್ಲೂ ಒಂದು ಸುತ್ತು ಇರುತ್ತದೆ. ಅದರ ಹೆಸರು ‘ಕೋರಸ್’. ‘ಸೋ ವಾಟ್’ನಲ್ಲಿ ಒಂದು ಸುತ್ತಿಗೆ 32 ಬಾರ್. ಬಾರ್ ಅಂದರೆ ಇಲ್ಲಿ ನಾಲ್ಕು ಏಟಿನ ಒಂದು ಗುಂಪು. ಮೈಲ್ಸ್ ಎರಡು ಸುತ್ತು ನುಡಿಸುತ್ತಾರೆ, ಕೋಲ್ಟ್ರೇನ್ ಎರಡು, ಕ್ಯಾನನ್‌ಬಾಲ್ ಎರಡು, ಬಿಲ್ ಎವನ್ಸ್ ಒಂದು. ಕೊನೆಗೆ ಮತ್ತೆ ಹೆಡ್, ಹಾಡು ಮುಗೀತು.

ಒಂಬತ್ತು ನಿಮಿಷದ ಹಾಡಿನಲ್ಲಿ ಮೊದಲೇ ಬರೆದಿಟ್ಟದ್ದು ತೀರಾ ಕಡಿಮೆ ಅನ್ನೋದು ಗಮನಕ್ಕೆ ಬಂತಲ್ವಾ? ಮಿಕ್ಕಿದ್ದೆಲ್ಲ ಆ ಜನ ಆ ದಿನ ಹುಟ್ಟಿಸಿದ್ದು. ಅದಕ್ಕೇ ಜಾಝ್‌ನಲ್ಲಿ ‘ಯಾವ ಹಾಡು’ ಅನ್ನೋದಕ್ಕಿಂತ ‘ಯಾರು ನುಡಿಸಿದ್ದು’ ಅನ್ನೋದು ದೊಡ್ಡ ವಿಷಯ. ಕಛೇರಿಯ ಆಮಂತ್ರಣ ಕೈಗೆ ಬಂದಾಗ ಪಿಟೀಲು ಯಾರು, ಮೃದಂಗ ಯಾರು ಅಂತ ನೋಡಿ ಹೊರಡುವವರು ನಮ್ಮಲ್ಲಿದ್ದಾರೆ. ಜಾಝ್ ಕೇಳುವವರೂ ಹಾಗೇ.

‘ಮೋಡಲ್’ ಅಂದರೇನು?

ಈ ರೆಕಾರ್ಡ್ ಬಗ್ಗೆ ಎಲ್ಲಿ ಓದಿದರೂ ‘ಮೋಡಲ್ ಜಾಝ್’ ಅನ್ನೋ ಮಾತು ಸಿಗುತ್ತದೆ. ನಮ್ಮ ಸಂಗೀತ ಸ್ವಲ್ಪ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ.

ಮೂರ್ನಾಲ್ಕು ಸ್ವರ ಒಟ್ಟಿಗೆ ಒತ್ತಿದರೆ ಅದು ‘ಕಾರ್ಡ್’. 1940ರ ದಶಕದಲ್ಲಿ ಬಂದ ‘ಬೀಬಾಪ್’ ಶೈಲಿಯಲ್ಲಿ ಕಾರ್ಡ್‌ಗಳು ಬೇಗ ಬೇಗ ಬದಲಾಗುತ್ತಿದ್ದವು. ಸೋಲೋ ನುಡಿಸುವವರು ಪ್ರತಿ ಕಾರ್ಡ್‌ಗೂ ಹೊಂದುವ ಸ್ವರ ಹುಡುಕುತ್ತಾ ಓಡಬೇಕು. ಟ್ರಾಫಿಕ್ ಜಾಸ್ತಿ ಇರುವ ಪೇಟೆಯಲ್ಲಿ ಹತ್ತು ಹೆಜ್ಜೆಗೊಂದು ತಿರುವು ತಗೊಂಡು ಗಾಡಿ ಓಡಿಸಿದ ಹಾಗೆ. ಅದಕ್ಕೆ ಬೇಕಾದ ಚುರುಕು ಸಾಮಾನ್ಯದ್ದಲ್ಲ. ಆದರೆ ನಿಂತು ಉಸಿರಾಡಲು ಜಾಗ ಕಡಿಮೆ.

ಮೈಲ್ಸ್ ‘ಸೋ ವಾಟ್’ನಲ್ಲಿ ಆ ತಿರುವುಗಳನ್ನೆಲ್ಲ ತೆಗೆದುಬಿಟ್ಟರು. ಮೊದಲ 16 ಬಾರ್ ಪೂರ್ತಿ ಒಂದೇ ಸ್ವರಸಾಲು. ಮುಂದಿನ 8 ಬಾರ್‌ಗೆ ಅದೇ ಸಾಲು ಅರ್ಧ ಸ್ವರ ಮೇಲಕ್ಕೆ, ಅಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ ಸರಿದಷ್ಟು, ಏರುತ್ತದೆ. ಕೊನೆಯ 8 ಬಾರ್‌ಗೆ ಮತ್ತೆ ಇಳಿದು ಮೊದಲಿನ ಜಾಗಕ್ಕೆ ಬರುತ್ತದೆ. ಅಷ್ಟೇ. ಆ ಸ್ವರಸಾಲಿಗೆ ಪಾಶ್ಚಾತ್ಯರು ‘ಡೋರಿಯನ್’ ಅನ್ನುತ್ತಾರೆ. ಸ್ವರಗಳನ್ನಷ್ಟೇ ಎಣಿಸಿದರೆ ಅದು ನಮ್ಮ ಖರಹರಪ್ರಿಯದ ಆರೋಹಣ ಅವರೋಹಣ. ಹಾಗಂತ ಮೈಲ್ಸ್ ಖರಹರಪ್ರಿಯ ನುಡಿಸಿದರು ಅಂತ ಹೇಳೋಕಾಗಲ್ಲ. ಗಮಕ ಇಲ್ಲ, ರಾಗದ ನಡೆ ಇಲ್ಲ. ಆದರೆ ಒಂದೇ ಸ್ವರಸಾಲಿನಲ್ಲಿ ಕೂತು, ಅವಸರವಿಲ್ಲದೆ, ಒಂದೊಂದೇ ಎಳೆ ಬಿಡಿಸುವ ಆ ಸಮಾಧಾನ ಇದೆಯಲ್ಲ, ಅದು ನಮ್ಮ ಕಿವಿಗೆ ಹೊಸದಲ್ಲ. ನನ್ನ ಗೆಳೆಯನ ಮನೆಯಲ್ಲಿ ಬೆಳಗ್ಗೆ ಹೊತ್ತು ಕರ್ನಾಟಕ ಸಂಗೀತ ಕೇಳುವ ರೂಢಿ ಇದೆ. ಈ ರೆಕಾರ್ಡ್ ಅವನಿಗೆ ಇಷ್ಟು ಬೇಗ ಹತ್ತಿರವಾಗಿದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಕೊನೆಯ ಹಾಡು ‘ಫ್ಲಮೆಂಕೊ ಸ್ಕೆಚಸ್’ ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಹೆಡ್ ಕೂಡ ಇಲ್ಲ. ಐದು ಸ್ವರಸಾಲುಗಳು ಒಂದಾದ ಮೇಲೊಂದು ಬರುತ್ತವೆ. ಒಂದೊಂದರಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ನುಡಿಸುವವರ ಇಷ್ಟ.

ನಿಮಗೆ ಹಿಡಿಸಿದ್ದು ಯಾವ ಎಳೆ?

ಗೆಳೆಯನನ್ನು ನಾನು ಕೇಳಿದ ಮೊದಲ ಪ್ರಶ್ನೆ ಇದು. ‘ಇಂಥದ್ದೇ’ ಅಂದರೆ ಯಾವ ಥರದ್ದು? ಆ ನಿಧಾನ ನಡೆಯೇ? ಪಿಯಾನೋನೇ? ಅಥವಾ ಕೋಲ್ಟ್ರೇನ್ ಬಂದಾಗ ಒಮ್ಮೆಲೇ ಏರುವ ಬಿಸಿಯೇ? ಅವನಿಗೆ ಗೊತ್ತಿರಲಿಲ್ಲ. ಇನ್ನೊಂದು ಸಲ ಕೇಳಿ ಹೇಳ್ತೀನಿ ಅಂದ. ಎರಡು ದಿನ ಬಿಟ್ಟು ಮೆಸೇಜ್ ಬಂತು: "ಮೂರನೇ ಹಾಡಿನ ಪಿಯಾನೋ."

ಮೂರನೇ ಹಾಡು ‘ಬ್ಲೂ ಇನ್ ಗ್ರೀನ್’. ಅಂದರೆ ಅವನಿಗೆ ಬೇಕಾಗಿದ್ದು ಬಿಲ್ ಎವನ್ಸ್.

ಪಿಯಾನೋ ಹಿಡಿದವರಿಗೆ: ಬಿಲ್ ಎವನ್ಸ್

ಎವನ್ಸ್ 1959ರ ಡಿಸೆಂಬರ್‌ನಲ್ಲಿ ಪಿಯಾನೋ, ಬಾಸ್, ಡ್ರಮ್ಸ್ ಮಾತ್ರ ಇರುವ ತಮ್ಮದೇ ತಂಡದ ಜೊತೆ ‘ಪೋರ್ಟ್ರೇಟ್ ಇನ್ ಜಾಝ್’ ರೆಕಾರ್ಡ್ ಮಾಡಿದರು. ಅದರಲ್ಲಿ ಇದೇ ‘ಬ್ಲೂ ಇನ್ ಗ್ರೀನ್’ ಮತ್ತೆ ಬರುತ್ತದೆ. ಒಂದೇ ಹಾಡು, ಒಂದೇ ವರ್ಷ, ಟ್ರಂಪೆಟ್ ಇಲ್ಲ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಜಾಝ್ ಹೇಗೆ ಕೆಲಸ ಮಾಡುತ್ತದೆ ಅಂತ ಯಾವ ಪಾಠವೂ ಇಲ್ಲದೆ ತಿಳಿಯುತ್ತದೆ. ಅದಕ್ಕೂ ಒಂದು ವರ್ಷ ಹಿಂದಿನ ‘ಎವ್ರಿಬಡಿ ಡಿಗ್ಸ್ ಬಿಲ್ ಎವನ್ಸ್’ ಆಲ್ಬಂನಲ್ಲಿ ‘ಪೀಸ್ ಪೀಸ್’ ಅಂತ ಒಂದು ಪಿಯಾನೋ ತುಣುಕಿದೆ. ಶುರುವಿನ ಎಡಗೈ ಕೇಳಿದ ಕೂಡಲೇ ‘ಇದು ಎಲ್ಲೋ ಕೇಳಿದ್ದು’ ಅನ್ನಿಸುತ್ತದೆ. ‘ಫ್ಲಮೆಂಕೊ ಸ್ಕೆಚಸ್’ನ ಶುರು ಅದರಿಂದಲೇ ಬಂದಿದ್ದು.

ಆದರೆ ಎವನ್ಸ್ ಅವರದ್ದು ಒಂದೇ ಒಂದು ಆಲ್ಬಂ ಕೇಳೋದಾದರೆ ‘ವಾಲ್ಟ್ಜ್ ಫಾರ್ ಡೆಬಿ’ ಕೇಳಿ. 1961ರ ಜೂನ್ 25, ಭಾನುವಾರ. ನ್ಯೂಯಾರ್ಕ್‌ನ ನೆಲಮಾಳಿಗೆಯಲ್ಲಿರುವ ವಿಲೇಜ್ ವ್ಯಾಂಗಾರ್ಡ್ ಎಂಬ ಪುಟ್ಟ ಕ್ಲಬ್. ಆ ಒಂದೇ ದಿನ ಅವರ ತಂಡ ಐದು ಸರದಿ ನುಡಿಸಿತು, ಎಲ್ಲವನ್ನೂ ರೆಕಾರ್ಡ್ ಮಾಡಲಾಯಿತು. ಮೊದಲ ಹಾಡು ‘ಮೈ ಫೂಲಿಶ್ ಹಾರ್ಟ್’ ಕೇಳುವಾಗ ಪಿಯಾನೋ ಹಿಂದೆ ಗಮನ ಕೊಡಿ. ಗಾಜಿನ ಲೋಟಗಳು ತಾಗುವ ಸದ್ದಿದೆ. ಯಾರೋ ಮಾತಾಡುತ್ತಿದ್ದಾರೆ. ಅವರ ಪಕ್ಕದ ಮೇಜಿನಲ್ಲಿ ನಾವೂ ಕೂತ ಹಾಗೆ ಆಗುತ್ತದೆ.

ಈ ತಂಡದ ಬಾಸ್ ವಾದಕ ಸ್ಕಾಟ್ ಲಫಾರೋ. ಸಾಮಾನ್ಯವಾಗಿ ಬಾಸ್ ಕೆಲಸ ಹಿಂದೆ ನಿಂತು ನಡೆ ಕಾಯೋದು. ಲಫಾರೋ ಹಾಗಲ್ಲ, ಪಿಯಾನೋ ಜೊತೆ ಸರಿಸಮಾನ ಮಾತಾಡುತ್ತಾರೆ. ಡ್ರಮ್ಸ್‌ನಲ್ಲಿ ಪಾಲ್ ಮೋಶನ್ ಬ್ರಷ್ ಆಡಿಸುತ್ತಾ ಇಬ್ಬರಿಗೂ ಜಾಗ ಬಿಡುತ್ತಾರೆ. ಆ ಭಾನುವಾರ ಆಗಿ ಹನ್ನೊಂದು ದಿನಕ್ಕೆ, ಜುಲೈ 6ರಂದು, ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 25 ವರ್ಷ. ಅದೇ ದಿನದ ಉಳಿದ ಹಾಡುಗಳು ‘ಸಂಡೇ ಅಟ್ ದಿ ವಿಲೇಜ್ ವ್ಯಾಂಗಾರ್ಡ್’ ಅನ್ನೋ ಇನ್ನೊಂದು ಆಲ್ಬಂನಲ್ಲಿವೆ. ಎರಡೂ ಕೇಳಿ.

ಬಿಸಿ ಹಿಡಿದವರಿಗೆ: ಕೋಲ್ಟ್ರೇನ್

ಕೋಲ್ಟ್ರೇನ್ ಕಡೆ ಹೋಗುವಾಗ ಮೆಟ್ಟಿಲು ಮೆಟ್ಟಿಲಾಗಿ ಹೋಗೋದು ಒಳ್ಳೆಯದು. 1957ರ ‘ಬ್ಲೂ ಟ್ರೇನ್’ ಮೊದಲ ಮೆಟ್ಟಿಲು. ಗಟ್ಟಿ ಹೆಡ್, ತಲೆಯಾಡಿಸುವಂಥ ನಡೆ. ಬಾಸ್‌ನಲ್ಲಿ ನಮ್ಮ ಪಾಲ್ ಚೇಂಬರ್ಸ್ ಇಲ್ಲೂ ಇದ್ದಾರೆ.

ಆಮೇಲೆ ‘ಜೈಂಟ್ ಸ್ಟೆಪ್ಸ್’. ಇದರ ಬಹುಪಾಲು ರೆಕಾರ್ಡ್ ಆಗಿದ್ದು 1959ರ ಮೇ ತಿಂಗಳ ಮೊದಲ ವಾರದಲ್ಲಿ. ‘ಕೈಂಡ್ ಆಫ್ ಬ್ಲೂ’ ಮುಗಿದು ಎರಡು ವಾರ ಕೂಡ ಆಗಿರಲಿಲ್ಲ. ಆದರೆ ಇದು ಅದರ ಪೂರ್ತಿ ಉಲ್ಟಾ. ‘ಸೋ ವಾಟ್’ನ 32 ಬಾರ್‌ಗಳಲ್ಲಿ ಸ್ವರಸಾಲು ಎರಡೇ. ಇಲ್ಲಿ ಶೀರ್ಷಿಕೆಯ ಹಾಡಿನ 16 ಬಾರ್‌ಗಳಲ್ಲಿ ಕಾರ್ಡ್ 26 ಸಲ ಬರುತ್ತದೆ, ಅದೂ ಕುದುರೆ ಓಟದ ವೇಗದಲ್ಲಿ. ಒಳ್ಳೆಯ ಪಿಯಾನೋ ವಾದಕರಾದ ಟಾಮಿ ಫ್ಲಾನಗನ್ ಕೂಡ ತಮ್ಮ ಸೋಲೋದಲ್ಲಿ ತಡವರಿಸಿ, ತುಂಡು ತುಂಡಾಗಿ ನುಡಿಸಿ, ಕೊನೆಗೆ ಬರೀ ಕಾರ್ಡ್‌ಗಳಲ್ಲಿ ನಿಲ್ಲೋದು ಕೇಳುತ್ತದೆ. ಮೊದಲ ಸಲ ತಲೆ ಸುತ್ತಿದರೆ ಬೇಸರ ಬೇಡ. ಅದೇ ಆಲ್ಬಂನ ‘ನೈಮಾ’ಗೆ ಹೋಗಿ. ಅದು ನಿಧಾನದ ಹಾಡು, ವಿಂಟನ್ ಕೆಲ್ಲಿ, ಚೇಂಬರ್ಸ್, ಕಾಬ್ ಮೂವರೂ ಅದರಲ್ಲಿದ್ದಾರೆ.

1960ರ ಅಕ್ಟೋಬರ್‌ನಲ್ಲಿ ರೆಕಾರ್ಡ್ ಆದ ‘ಮೈ ಫೇವರಿಟ್ ಥಿಂಗ್ಸ್’ ನಮ್ಮವರಿಗೆ ಸುಲಭವಾಗಿ ಒಗ್ಗುತ್ತದೆ ಅನ್ನೋದು ನನ್ನ ಅನುಭವ. ನಾಟಕದ ಒಂದು ಸರಳ ಹಾಡನ್ನು ತಗೊಂಡು ಕೋಲ್ಟ್ರೇನ್ ಸುಮಾರು 14 ನಿಮಿಷ ನುಡಿಸುತ್ತಾರೆ. ಕೈಯಲ್ಲಿರೋದು ನೇರ ಕೊಳವೆಯ ಸೊಪ್ರಾನೋ ಸ್ಯಾಕ್ಸೋಫೋನ್. ಅದರ ದನಿ ಶಹನಾಯಿಯನ್ನು ನೆನಪಿಸುತ್ತದೆ. ಪಿಯಾನೋದಲ್ಲಿ ಮೆಕಾಯ್ ಟೈನರ್ ಎರಡೇ ಕಾರ್ಡ್‌ಗಳನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಿರುತ್ತಾರೆ, ಶ್ರುತಿಪೆಟ್ಟಿಗೆ ಹಿಂದೆ ಇದ್ದ ಹಾಗೆ. ಕೋಲ್ಟ್ರೇನ್‌ಗೆ ಭಾರತೀಯ ಸಂಗೀತದ ಮೇಲೆ ನಿಜವಾದ ಆಸೆ ಇತ್ತು. 1961ರಲ್ಲಿ ‘ಇಂಡಿಯಾ’ ಅಂತಲೇ ಒಂದು ಹಾಡು ನುಡಿಸಿದರು. ಪಂಡಿತ್ ರವಿಶಂಕರ್ ಮೇಲಿನ ಗೌರವದಿಂದ ಮಗನಿಗೆ ರವಿ ಅಂತ ಹೆಸರಿಟ್ಟರು.

‘ಎ ಲವ್ ಸುಪ್ರೀಮ್’ ಅನ್ನು ಇಷ್ಟೆಲ್ಲ ಆದಮೇಲೆ ಕೇಳಿ. 1964ರ ಡಿಸೆಂಬರ್ 9ರಂದು ರೆಕಾರ್ಡ್ ಮಾಡಿದ್ದು. ನಾಲ್ಕು ಭಾಗ, ಅರ್ಧ ಗಂಟೆ ಸ್ವಲ್ಪ ಮೇಲೆ. ದೇವರಿಗೆ ಅರ್ಪಿಸಿದ ಸಂಗೀತ ಅದು, ಅವರೇ ಹಾಗೆ ಬರೆದಿದ್ದಾರೆ. ಬೇರೆ ಕೆಲಸ ಮಾಡುತ್ತಾ ಕೇಳುವಂಥದ್ದಲ್ಲ.

ಖುಷಿ ಹಿಡಿದವರಿಗೆ: ಕ್ಯಾನನ್‌ಬಾಲ್ ಮತ್ತು ಕೆಲ್ಲಿ

ಕ್ಯಾನನ್‌ಬಾಲ್ ಅವರ ಸ್ಯಾಕ್ಸ್‌ನಲ್ಲಿ ಒಂದು ನಗು ಇದೆ. ಅವರ ‘ಸಮ್‌ಥಿಂಗ್ ಎಲ್ಸ್’ 1958ರ ಮಾರ್ಚ್‌ನಲ್ಲಿ ರೆಕಾರ್ಡ್ ಆಗಿದ್ದು. ಇಲ್ಲಿ ಮೈಲ್ಸ್ ನಾಯಕರಲ್ಲ, ಜೊತೆಗಾರರಾಗಿ ಬಂದಿದ್ದಾರೆ. ಹೀಗೆ ಬೇರೆಯವರ ಹೆಸರಿನ ಆಲ್ಬಂನಲ್ಲಿ ನುಡಿಸುವವರಿಗೆ ‘ಸೈಡ್‌ಮ್ಯಾನ್’ ಅನ್ನುತ್ತಾರೆ. ಮೈಲ್ಸ್ ಆ ಹೊತ್ತಿಗೆ ಸೈಡ್‌ಮ್ಯಾನ್ ಆಗೋದು ಬಹಳ ಅಪರೂಪ. ಮೊದಲ ಹಾಡು ‘ಆಟಮ್ ಲೀವ್ಸ್’ ಹತ್ತು ನಿಮಿಷ ದಾಟುತ್ತದೆ. ‘ಕೈಂಡ್ ಆಫ್ ಬ್ಲೂ’ ಆದಮೇಲೆ ಒಂದೇ ಆಲ್ಬಂ ಹೇಳಿ ಅಂತ ಯಾರಾದರೂ ಅವಸರದಲ್ಲಿ ಕೇಳಿದರೆ ನಾನು ಇದನ್ನೇ ಹೇಳೋದು. ಮೈಲ್ಸ್‌ರ ಅದೇ ಮೆದು ದನಿ ಇದೆ, ಮೊದಲ ಸಲಕ್ಕೇ ಮನಸ್ಸಿಗೆ ಹೋಗುತ್ತದೆ.

‘ಕೈಂಡ್ ಆಫ್ ಬ್ಲೂ’ನ ಎರಡನೇ ಹಾಡು ‘ಫ್ರೆಡ್ಡಿ ಫ್ರೀಲೋಡರ್’ ಇಷ್ಟವಾದವರಿಗೆ ಹಿಡಿಸಿದ್ದು ವಿಂಟನ್ ಕೆಲ್ಲಿ ಪಿಯಾನೋ ಮತ್ತು ‘ಬ್ಲೂಸ್’ ಅನ್ನೋ 12 ಬಾರ್‌ಗಳ ಚೌಕಟ್ಟು. ಕೆಲ್ಲಿಯ ‘ಕೆಲ್ಲಿ ಬ್ಲೂ’ ಕೂಡ 1959ರದ್ದೇ, ಚೇಂಬರ್ಸ್ ಮತ್ತು ಕಾಬ್ ಅದರಲ್ಲೂ ಇದ್ದಾರೆ.

ಮೈಲ್ಸ್ ಹಿಂದೆಯೇ ಹೋಗೋದಾದರೆ ಸ್ವಲ್ಪ ನೋಡಿಕೊಂಡು

ಬಹಳ ಜನ ಎಡವೋದು ಇಲ್ಲಿ. ಮೈಲ್ಸ್ ಡೇವಿಸ್ ಹೆಸರು ಹುಡುಕಿದ ಕೂಡಲೇ ಮೇಲೆ ಬರುವ ಇನ್ನೊಂದು ದೊಡ್ಡ ಆಲ್ಬಂ ‘ಬಿಚಸ್ ಬ್ರೂ’, 1970ರದ್ದು. ಎಲೆಕ್ಟ್ರಿಕ್ ವಾದ್ಯಗಳು, ಒಟ್ಟಿಗೇ ಎರಡು ಮೂರು ಡ್ರಮ್ಸ್, ದಟ್ಟ ಕಾಡಿನಂಥ ಸಂಗೀತ. ಅದು ದೊಡ್ಡ ಕೃತಿ ಅನ್ನೋದರಲ್ಲಿ ಅನುಮಾನ ಇಲ್ಲ. ಆದರೆ ‘ಬ್ಲೂ ಇನ್ ಗ್ರೀನ್’ ಕೇಳಿ ಬಂದವರು ನೇರ ಅಲ್ಲಿಗೆ ಹೋದರೆ ‘ಜಾಝ್ ನಮಗೆ ಆಗಿಬರಲ್ಲ’ ಅಂತ ಬಿಟ್ಟುಬಿಡುವ ಸಾಧ್ಯತೆ ಇದೆ.

ಮೈಲ್ಸ್ ಹತ್ತು ವರ್ಷಕ್ಕೆ ಎರಡು ಸಲವಾದರೂ ಪೂರ್ತಿ ಬದಲಾದವರು. ಅದಕ್ಕೇ ಅವರ ಆಲ್ಬಂ ಆರಿಸುವಾಗ ವರ್ಷ ನೋಡಬೇಕು. ಹತ್ತಿರದವು ಅಂದರೆ 1958ರ ‘ಮೈಲ್‌ಸ್ಟೋನ್ಸ್’, ಅದರ ಶೀರ್ಷಿಕೆಯ ಹಾಡಿನಲ್ಲಿ ಮೋಡಲ್ ದಾರಿಯ ಮೊದಲ ಹೆಜ್ಜೆ ಇದೆ. 1960ರ ‘ಸ್ಕೆಚಸ್ ಆಫ್ ಸ್ಪೇನ್’, ಗಿಲ್ ಎವನ್ಸ್ ಹೊಂದಿಸಿದ ದೊಡ್ಡ ವಾದ್ಯವೃಂದದ ನಡುವೆ ಮೈಲ್ಸ್‌ರ ಒಂಟಿ ಟ್ರಂಪೆಟ್. ಬಿಲ್ ಎವನ್ಸ್‌ಗೂ ಈ ಗಿಲ್ ಎವನ್ಸ್‌ಗೂ ನಂಟಿಲ್ಲ, ಹೆಸರಷ್ಟೇ ಒಂದು.

ಎಲೆಕ್ಟ್ರಿಕ್ ಕಾಲಕ್ಕೆ ಹೋಗಬೇಕು ಅನ್ನಿಸಿದಾಗ 1969ರ ‘ಇನ್ ಎ ಸೈಲೆಂಟ್ ವೇ’ ಬಾಗಿಲು. ಎರಡೇ ಉದ್ದನೆಯ ತುಣುಕು, ಅದೇ ಸಮಾಧಾನ, ವಾದ್ಯ ಮಾತ್ರ ಬೇರೆ. ಅದರಲ್ಲಿ ಗಿಟಾರ್ ನುಡಿಸಿದ ಜಾನ್ ಮೆಕ್ಲಾಫ್ಲಿನ್ ಮುಂದೆ ಪಿಟೀಲಿನ ಎಲ್. ಶಂಕರ್, ತಬಲಾದ ಝಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಜೊತೆ ಸೇರಿ ‘ಶಕ್ತಿ’ ತಂಡ ಕಟ್ಟಿದರು. ಹೆಸರು ಹಿಡಿದು ಹೋದರೆ ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತೀವಿ ನೋಡಿ.

ಅದೇ ವರ್ಷ, ಅದೇ ಸ್ಟುಡಿಯೋ

ಹೆಸರಿನ ಹಾಗೆ ಜಾಗವನ್ನೂ ಹಿಡಿದು ಹೋಗಬಹುದು. 1959ರಲ್ಲಿ ಅದೇ 30ನೇ ಬೀದಿಯ ಸ್ಟುಡಿಯೋದಲ್ಲಿ ಇನ್ನೆರಡು ಹೆಸರಾಂತ ಆಲ್ಬಂಗಳು ತಯಾರಾದವು.

ಒಂದು ಡೇವ್ ಬ್ರೂಬೆಕ್ ಅವರ ‘ಟೈಮ್ ಔಟ್’. ಇದರ ‘ಟೇಕ್ ಫೈವ್’ ಹಾಡನ್ನು ಎಲ್ಲೋ ಒಂದು ಕಡೆ ಕೇಳಿಯೇ ಇರುತ್ತೀರಿ. ಜಾಝ್‌ನ ಹೆಚ್ಚಿನ ಹಾಡುಗಳು ನಾಲ್ಕರ ಎಣಿಕೆ, ಇದು ಐದರದ್ದು. ಪಾಶ್ಚಾತ್ಯ ಕೇಳುಗರಿಗೆ ಅದು ದೊಡ್ಡ ಅಚ್ಚರಿ. ಖಂಡ ಚಾಪು ಹಾಕಿ ಬೆಳೆದವರಿಗೆ ಕೈ ತಾನಾಗೇ ಬೀಳುತ್ತದೆ, ಆದರೆ ಒಂದು ವ್ಯತ್ಯಾಸ ಇದೆ. ಖಂಡ ಚಾಪು ಎರಡು ಮತ್ತು ಮೂರು, ‘ಟೇಕ್ ಫೈವ್’ ಮೂರು ಮತ್ತು ಎರಡು. ಬ್ರೂಬೆಕ್ 1958ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ಪ್ರವಾಸ ಮಾಡುತ್ತಾ ಭಾರತಕ್ಕೂ ಬಂದಿದ್ದರು. ಮದ್ರಾಸಿನಲ್ಲಿ ಮೃದಂಗ ವಿದ್ವಾಂಸ ಪಳನಿ ಸುಬ್ರಮಣ್ಯ ಪಿಳ್ಳೈ ಅವರನ್ನು ಭೇಟಿಯಾಗಿದ್ದರು.

ಇನ್ನೊಂದು ಚಾರ್ಲ್ಸ್ ಮಿಂಗಸ್ ಅವರ ‘ಮಿಂಗಸ್ ಆ ಅಮ್’. ‘ಕೈಂಡ್ ಆಫ್ ಬ್ಲೂ’ ಮುಗಿದ 13 ದಿನಕ್ಕೆ ಇದರ ಕೆಲಸ ಶುರುವಾಯಿತು. ಮಿಂಗಸ್ ಬಾಸ್ ನುಡಿಸುತ್ತಿದ್ದರು, ಜೊತೆಗೆ ದೊಡ್ಡ ಸಂಯೋಜಕರು. ಇದರಲ್ಲಿ ಚರ್ಚಿನ ಕೂಗು ಇದೆ, ಸಿಟ್ಟಿದೆ, ದುಃಖ ಇದೆ. ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ಅನ್ನೋದು ಆ ವರ್ಷ ಮಾರ್ಚ್‌ನಲ್ಲಿ ತೀರಿಕೊಂಡ ಸ್ಯಾಕ್ಸ್ ವಾದಕ ಲೆಸ್ಟರ್ ಯಂಗ್ ನೆನಪಿಗೆ ಕಟ್ಟಿದ ಹಾಡು. ನಿಧಾನಕ್ಕೆ ಬರುವ ಆ ಶೋಕವನ್ನು ರಾತ್ರಿ ದೀಪ ಆರಿಸಿ ಕೇಳಬೇಕು.

ಕಂಪನಿಯ ಹೆಸರೂ ಒಂದು ಗುರುತು

ಆಲ್ಬಂ ಹೊರತರುವ ಕಂಪನಿಗೆ ‘ಲೇಬಲ್’ ಅನ್ನುತ್ತಾರೆ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ‘ಬ್ಲೂ ನೋಟ್’ ಲೇಬಲ್‌ಗೆ ತನ್ನದೇ ಒಂದು ದನಿ ಇತ್ತು. ಕಾರಣ ಸರಳ. ರೂಡಿ ವಾನ್ ಗೆಲ್ಡರ್ ಎಂಬ ಒಬ್ಬರೇ ವರ್ಷಗಟ್ಟಲೆ ಅವರ ರೆಕಾರ್ಡಿಂಗ್ ಮಾಡಿದರು, ಶುರುವಿನ ವರ್ಷಗಳಲ್ಲಿ ತಮ್ಮ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲೇ. ಮೇಲೆ ಹೇಳಿದ ‘ಬ್ಲೂ ಟ್ರೇನ್’, ‘ಸಮ್‌ಥಿಂಗ್ ಎಲ್ಸ್’ ಎರಡೂ ಅವರ ಕೈಯಲ್ಲಿ ಆದವು. ಈ ದನಿ ಹಿಡಿಸಿದರೆ ಆರ್ಟ್ ಬ್ಲೇಕಿ ತಂಡದ ‘ಮೋನಿನ್’ ಕೇಳಿ, ‘ಸೋ ವಾಟ್’ನ ಹಾಗೆ ಪ್ರಶ್ನೆ-ಉತ್ತರದಲ್ಲೇ ಶುರುವಾಗುತ್ತದೆ. ಮೋಡಲ್ ಸಮಾಧಾನವೇ ಬೇಕಿದ್ದರೆ ಹರ್ಬಿ ಹ್ಯಾನ್‌ಕಾಕ್ ಅವರ 1965ರ ‘ಮೇಡನ್ ವಾಯೇಜ್’. ಹಾಡುವ ದನಿ ಬೇಕು ಅನ್ನುವವರಿಗೆ ಬೇರೆ ಲೇಬಲ್‌ನ ‘ಜಾನ್ ಕೋಲ್ಟ್ರೇನ್ ಅಂಡ್ ಜಾನಿ ಹಾರ್ಟ್‌ಮನ್’ ಇದೆ, 1963ರದ್ದು, ಅರ್ಧ ಗಂಟೆಯ ಪ್ರೇಮಗೀತೆಗಳು.

ಹೆಸರು ಸಿಗೋದು ಎಲ್ಲಿ? ಕೇಳೋದು ಹೇಗೆ?

ಹಿಂದೆ ರೆಕಾರ್ಡ್ ಕವರ್‌ನ ಹಿಂಬದಿಯಲ್ಲಿ ಎಲ್ಲರ ಹೆಸರೂ ಇರುತ್ತಿತ್ತು. ಫೋನಿನಲ್ಲಿ ಹಿಂಬದಿ ಇಲ್ಲ. ಕೆಲವು ಆ್ಯಪ್‌ಗಳಲ್ಲಿ ಹಾಡಿನ ಪಕ್ಕದ ಮೂರು ಚುಕ್ಕೆ ಒತ್ತಿದರೆ ‘ಕ್ರೆಡಿಟ್ಸ್’ ಅಂತ ಬರುತ್ತದೆ, ಎಷ್ಟೋ ಸಲ ಅದು ಪೂರ್ತಿ ಇರಲ್ಲ. ಆಲ್ಬಂ ಹೆಸರಿನ ಜೊತೆ ‘ಪರ್ಸನೆಲ್’ ಅಂತ ಸೇರಿಸಿ ಹುಡುಕಿದರೆ ಪಟ್ಟಿ ಸಿಗುತ್ತದೆ. ಆಲ್ಬಂಗಳನ್ನು ಶಫಲ್ ಮಾಡದೆ ಮೊದಲಿಂದ ಕೇಳಿ. ಹೊಸದು ಒಂದೇ ಸಲಕ್ಕೆ ಹಿಡಿಸದಿದ್ದರೆ ಎರಡನೇ ಸಲ ಬಾಸ್ ಒಂದನ್ನೇ ಹಿಂಬಾಲಿಸಿ. ಬಾಸ್ ಕಿವಿಗೆ ಸಿಕ್ಕಿದರೆ ಸುತ್ತು ಎಲ್ಲಿ ಶುರು, ಎಲ್ಲಿ ಮುಗೀತು ಅನ್ನೋದು ತಿಳಿಯುತ್ತದೆ, ಗೊಂದಲ ಅರ್ಧ ಕಡಿಮೆ ಆಗುತ್ತದೆ.

ಹಳೆಯ ಕ್ಯಾಸೆಟ್ಟೋ ಎಲ್‌ಪಿಯೋ ಮನೆಯಲ್ಲಿದ್ದರೆ ಒಂದು ಸಣ್ಣ ವಿಷಯ. ಮಾರ್ಚ್ 2ರಂದು ಸ್ಟುಡಿಯೋದ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ‘ಕೈಂಡ್ ಆಫ್ ಬ್ಲೂ’ನ ಮೊದಲ ಮೂರು ಹಾಡು ದಶಕಗಳ ಕಾಲ ಇರಬೇಕಾದ್ದಕ್ಕಿಂತ ಕೊಂಚ ವೇಗವಾಗಿ, ಕೊಂಚ ಮೇಲಿನ ಶ್ರುತಿಯಲ್ಲಿ ಕೇಳುತ್ತಿದ್ದವು. 1990ರ ದಶಕದಲ್ಲಿ ಅದನ್ನು ಸರಿಮಾಡಿದರು. ರೆಕಾರ್ಡ್ ಹಾಕಿಕೊಂಡು ಅದರ ಜೊತೆ ತಾವೂ ವಾದ್ಯ ನುಡಿಸುವ ಆಸೆ ಇರುವವರು ಹೊಸ ಪ್ರತಿಯನ್ನೇ ಇಟ್ಟುಕೊಳ್ಳಿ.

ಒಂದು ಹೆಸರಿನ ದಾರಿ, ಬೆಂಗಳೂರಿನ ತನಕ

ಗೆಳೆಯನಿಗೆ ಕೊನೆಗೆ ಹೇಳಿದ ದಾರಿ ಇದು. ಬಿಲ್ ಎವನ್ಸ್ ಹೆಸರು ಹಿಡಿದು 1957ಕ್ಕೆ ಹೋದರೆ ಮಿಂಗಸ್ ಅವರ ‘ಈಸ್ಟ್ ಕೋಸ್ಟಿಂಗ್’ ಸಿಗುತ್ತದೆ. ಅಲ್ಲಿ ಪಿಯಾನೋ ಎವನ್ಸ್‌ರದ್ದೇ. ಈಗ ಮಿಂಗಸ್ ಹೆಸರು ಹಿಡಿಯಿರಿ. 1963ರ ‘ದಿ ಬ್ಲಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಸಿಗುತ್ತದೆ, ಹನ್ನೊಂದು ಜನರ ತಂಡ. ಅದರಲ್ಲಿ ಅಳುವ ಹಾಗೆ, ಕೂಗಿ ಕರೆಯುವ ಹಾಗೆ ಕೇಳುವ ಆಲ್ಟೋ ಸ್ಯಾಕ್ಸ್ ಚಾರ್ಲಿ ಮಾರಿಯಾನೋ ಅವರದ್ದು. ಈಗ ಮಾರಿಯಾನೋ ಹೆಸರು. ಅವರು ಮುಂದೆ ನಾಗಸ್ವರ ಕಲಿತರು. ಟಿ.ಎ.ಎಸ್. ಮಣಿ ಅವರು ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಸೇರಿ ನುಡಿಸಿದರು. ಅವರ ‘ಜ್ಯೋತಿ’ ಆಲ್ಬಂ 1983ರಲ್ಲಿ ಇಸಿಎಂ ಎಂಬ ಜರ್ಮನಿಯ ಲೇಬಲ್‌ನಿಂದ ಬಂತು. ಅದರಲ್ಲಿ ಹಾಡಿರುವವರು ಆರ್.ಎ. ರಮಾಮಣಿ. ಪಕ್ಕದಲ್ಲಿ ಮೃದಂಗ, ಘಟ, ಮೇಲೆ ಮಾರಿಯಾನೋ ಅವರ ಸ್ಯಾಕ್ಸ್ ಮತ್ತು ಕೊಳಲು.

ಗೆಳೆಯ ಮೊನ್ನೆ ಮತ್ತೆ ಫೋನ್ ಮಾಡಿದ್ದ. ‘ವಾಲ್ಟ್ಜ್ ಫಾರ್ ಡೆಬಿ’ಯಲ್ಲೇ ಇದ್ದಾನೆ, ಇನ್ನೂ ಮುಂದೆ ಹೋಗಿಲ್ಲ. "ಆ ಲೋಟದ ಸದ್ದು ಬರೋ ಜಾಗ ಗೊತ್ತಾಯ್ತು" ಅಂದ.